ಕಳುವಾಗಿದ್ದ ಸ್ವೆಟರು

ಚಿಂತಾಮಣಿ ಬಸ್ ನಿಲ್ದಾಣದಲ್ಲಿ ನನ್ನ ಸ್ವೆಟರು ಕಳುವಾದ ಕಥೆಯನ್ನು ನೀವು ಇನ್ನೂ ಕೇಳಿಲ್ಲವೆಂದರೆ ನಿಮಗೂ ನನಗೂ ಅಂಥ ಹತ್ತಿರದ ಪರಿಚಯವಿಲ್ಲ ಎಂದೇ ಅರ್ಥ. ಆರು ವರ್ಷಗಳಿಂದ ಅದನ್ನು ಹೇಳುತ್ತ ಬಂದಿದ್ದೇನೆ. ಗೌರಿಬಿದನೂರಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಯಾರಾದರೂ ಬಂದು ಸೇರಿದರೆ ಮೊದಲ ವಾರದಲ್ಲೇ ಅವರಿಗೆ ಈ ಕಥೆಯ ಪಾಲು ಸಿಕ್ಕಿಬಿಡುತ್ತದೆ.

ಸ್ವೆಟರಿನದು ಮೆರೂನ್ ಬಣ್ಣ. ಎದೆಗೆ ಐದು ಗುಂಡಿ, ಅದರಲ್ಲಿ ನಡುವಿನದು ಮಾತ್ರ ಅಪ್ಪನ ಹಳೆ ಕೋಟಿನಿಂದ ಕಿತ್ತು ಹೊಲಿದದ್ದು. ಶಿಡ್ಲಘಟ್ಟದ ಬಸ್ಸಿಗೆ ಕಾಯುತ್ತ ಕಲ್ಲು ಬೆಂಚಿನ ಮೇಲೆ ಕೂತಿದ್ದೆ. ಬಿಸಿಲೇರಿತ್ತು, ಸ್ವೆಟರು ತೆಗೆದು ಪಕ್ಕದಲ್ಲಿಟ್ಟಿದ್ದೆ. ಆಚೆ ಪಕ್ಕದಲ್ಲಿ ಹಳದಿ ಸೀರೆಯ ಹೆಂಗಸು, ಅವಳ ಕಾಲ ಬಳಿ ಟೊಮೆಟೊ ಕುಕ್ಕೆ. "ಟೈಮೆಷ್ಟಾಯ್ತಮ್ಮ?" ಅಂದಳು. ನಾನು ಕೈಗಡಿಯಾರ ನೋಡಿ ತಲೆಯೆತ್ತುವಷ್ಟರಲ್ಲಿ ಹೆಂಗಸೂ ಇಲ್ಲ, ಕುಕ್ಕೆಯೂ ಇಲ್ಲ, ಸ್ವೆಟರೂ ಇಲ್ಲ. ಬೆಂಚಿನ ಮೇಲೆ ಒಂದು ಟೊಮೆಟೊ ಮಾತ್ರ ಉಳಿದಿತ್ತು. ಅದನ್ನು ಮನೆಗೆ ತಂದು ಸಾರಿಗೆ ಹಾಕಿದೆ ಅನ್ನುವಲ್ಲಿಗೆ ಕಥೆ ಮುಗಿಯುತ್ತದೆ, ಎಲ್ಲರೂ ನಗುತ್ತಾರೆ. ಆ ಹೆಂಗಸಿನ ಮೂಗುಬೊಟ್ಟು ಬಲಗಡೆಗಿತ್ತು ಅನ್ನುವುದು ಕೂಡ ನನಗೆ ನೆನಪಿದೆ.

ಆ ಸ್ವೆಟರು ಈಗ ನನ್ನ ಮೇಜಿನ ಮೇಲಿದೆ. ಇದನ್ನು ಬರೆಯುತ್ತಿರುವಾಗ ಎಡಗೈಗೆ ತಾಕುತ್ತಿದೆ. ಒಗೆದಿಲ್ಲ, ಒಗೆಯುವ ಧೈರ್ಯ ಬಂದಿಲ್ಲ. ತೋಳಿನಲ್ಲಿ ಜೇಡರ ಬಲೆ, ಬೆನ್ನಿನಲ್ಲಿ ಸುಣ್ಣದ ಪುಡಿ, ಐದು ಗುಂಡಿಗಳೂ ಇವೆ, ನಡುವಿನದು ಬೇರೆಯದೇ. ಇದು ಚಿಂತಾಮಣಿಯಲ್ಲಿ ಕಳುವಾಗಲೇ ಇಲ್ಲ. ಹಾಗಾದರೆ ಆ ಹಳದಿ ಸೀರೆಯವಳು ಯಾರು, ಆ ಟೊಮೆಟೊ ಎಲ್ಲಿಂದ ಬಂತು ಎಂದು ಕೇಳಬೇಡಿ. ಹದಿನೈದು ದಿನದಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಇದನ್ನು ಸರಿಯಾಗಿ ಹೇಳಬೇಕಾದರೆ ಒಂದು ಧಾರಾವಾಹಿಯಿಂದ ಶುರುಮಾಡಬೇಕು.

ನಾನು ಚಿಂತಾಮಣಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟೀವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಕಂಪ್ಯೂಟರಿನೊಳಗೆ ನುಗ್ಗಿ ಬೇರೆಯವರ ಗುಟ್ಟು ಕದಿಯುವ ಹುಡುಗನ ಕಥೆ. ಹ್ಯಾಕರ್ ಅನ್ನುವ ಪದವನ್ನು ನಮ್ಮ ದಿಬ್ಬೂರಹಳ್ಳಿ ಮನೆಗೆ ಮೊದಲು ತಂದವನು ಅವನೇ. ಅಜ್ಜಿ ಅವನನ್ನು ಧಾರಾವಾಹಿ ಮುಗಿಯುವವರೆಗೂ "ಕನ್ನಡಕದ ಕಳ್ಳ" ಎಂದೇ ಕರೆದರು. ಅವನು ಕತ್ತಲೆ ಕೋಣೆಯಲ್ಲಿ ಕೂತು ನೇರವಾಗಿ ನಮ್ಮ ಕಡೆ ನೋಡಿ ಮಾತಾಡುತ್ತಿದ್ದ. ಯಾರೋ ಒಬ್ಬ ಕಾಣದ ಮನುಷ್ಯ ಊರಿನ ಆಸ್ಪತ್ರೆಯ, ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಕೆಡಿಸುತ್ತಿದ್ದಾನೆ, ಅವನನ್ನು ಹಿಡಿಯಲು ನೀವು ನನ್ನ ಜೊತೆಗಿರಬೇಕು ಎನ್ನುತ್ತಿದ್ದ. ನಾವೆಲ್ಲ ಅವನ ಜೊತೆಗಿದ್ದೆವು. ಅಜ್ಜಿ ಮಾತ್ರ ಇರಲಿಲ್ಲ.

"ಇವನ್ ಮಾತು ನಂಬಬ್ಯಾಡ್ರೇ. ನೋಡ್ತಾನೆ, ಕಣ್ಣೇ ಮಿಟುಕ್ಸಲ್ಲ. ನಿಜ ಹೇಳೋರು ಕಣ್ಣು ಮಿಟುಕ್ಸ್ತಾರೆ."

"ಅಜ್ಜಿ, ಅವನು ಹೀರೋ. ಕಥೆ ಹೇಳ್ತಿರೋನೇ ಅವನು."

"ಕಥೆ ಹೇಳೋನೇ ಸುಳ್ಳು ಹೇಳ್ಬೋದು ಕಣೇ. ನಿಮ್ ತಾತ ಹೇಳ್ತಿರ್ಲಿಲ್ವಾ?"

ನಮ್ಮ ಕಾಲೇಜಿನಲ್ಲೂ ಆಗಷ್ಟೇ ಕಂಪ್ಯೂಟರ್ ಕೋಣೆ ಆಗಿತ್ತು. ನಾಲ್ಕು ಕಂಪ್ಯೂಟರು, ನಾಲ್ಕಕ್ಕೂ ಹೂವಿನ ಬಟ್ಟೆಯ ಹೊದಿಕೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಧೂಳು ಬರಬಾರದು, ಬಾಗಿಲು ತೆರೆದಿಡಬಾರದು, ಒಳಗಿನ ಚಳಿ ಹೆಚ್ಚುಕಡಿಮೆ ಆಗಬಾರದು. ನನಗೆ ಇದೇನೂ ಹೊಸದೆನಿಸಲಿಲ್ಲ. ಹುಟ್ಟಿದಾಗಿನಿಂದ ನಾನು ರೇಷ್ಮೆ ಹುಳುವಿನ ಕೋಣೆಗೆ ಕಾಲು ತೊಳೆದುಕೊಂಡೇ ಹೋದವಳು. ಹುಳ ಇರುವ ಮನೆಯಲ್ಲಿ ಊದುಬತ್ತಿ ಹಚ್ಚಬಾರದು, ಒಗ್ಗರಣೆ ಘಾಟು ಬರಬಾರದು, ತಲೆಗೆ ವಾಸನೆ ಎಣ್ಣೆ ಹಚ್ಚಿಕೊಂಡವರು ಜಗಲಿಯಲ್ಲೇ ನಿಲ್ಲಬೇಕು. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಅತಿ ದೊಡ್ಡ ಮನುಷ್ಯರೆಂದರೆ ಹುಳಗಳೇ. ಅವುಗಳಿಗೆ ಜ್ವರ ಬಂದ ದಿನ, ಅಂದರೆ ಅವು ಮೇವು ಬಿಟ್ಟು ಪೊರೆ ಕಳಚುವ ದಿನ, ನಾವು ಗಟ್ಟಿಯಾಗಿ ಕೆಮ್ಮುವಂತೆಯೂ ಇರಲಿಲ್ಲ. ನನಗೆ ನಿಜವಾಗಿ ಜ್ವರ ಬಂದ ದಿನ ಯಾರೂ ಅಷ್ಟು ಗಂಭೀರವಾಗಿದ್ದದ್ದು ಕಾಣೆ.

ಆ ಹುಳಗಳ ಕೋಣೆಯ ಒಡತಿ ನನ್ನ ಚಿಕ್ಕಮ್ಮ ಜಯಮ್ಮ, ಅಪ್ಪನ ತಮ್ಮನ ಹೆಂಡತಿ. ಅವರ ಕೈಗುಣ ಸುತ್ತಲ ಹಳ್ಳಿಗೆಲ್ಲ ಗೊತ್ತಿತ್ತು. ಮೊಟ್ಟೆಯೊಡೆದು ಹೊರಬಂದ ಮರಿಹುಳ ಕರಿ ಎಳ್ಳಿಗಿಂತ ಸಣ್ಣದಿರುತ್ತದೆ. ಅದನ್ನು ಕೋಳಿಗರಿಯಿಂದ ಮೆಲ್ಲಗೆ ಸವರಿ ಸಣ್ಣಗೆ ಹೆಚ್ಚಿದ ಎಳೆಸೊಪ್ಪಿನ ಮೇಲೆ ಇಳಿಸಬೇಕು. ಇದಕ್ಕೆ ಚಾಕಿ ಕಟ್ಟುವುದು ಎನ್ನುತ್ತಾರೆ. ಒಳ್ಳೆಯ ಕೈ ಕಟ್ಟಿದರೆ ಬೆಳೆ ಒಳ್ಳೆಯದಾಗುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಯಾರ ಮನೆಯಲ್ಲಿ ಮರಿ ಹೊರಬಂದರೂ ಬೆಳಿಗ್ಗೆ ಬೆಳಿಗ್ಗೆಯೇ ಬಾಗಿಲಿಗೆ ಬಂದು ಕರೆಯುತ್ತಿದ್ದರು: "ಜಯಮ್ಮಾ, ಒಸಿ ಬಂದು ಗರಿ ಮುಟ್ಟಿ ಹೋಗಮ್ಮ." ಚಿಕ್ಕಮ್ಮ ತಲೆಗೆ ಸೆರಗು ಬಿಗಿದುಕೊಂಡು ಹೊರಡುತ್ತಿದ್ದರು. ಬರುವಾಗ ಮಡಿಲಲ್ಲಿ ಎಲೆಅಡಿಕೆಯೋ, ಬೆಲ್ಲದಚ್ಚೋ ಇರುತ್ತಿತ್ತು. ಓದು ಏಳನೆಯ ತರಗತಿ. ಆದರೆ ಅವರು ದಾರಿಯಲ್ಲಿ ನಡೆದರೆ ಹೆಂಗಸರು ಬೀದಿ ನಲ್ಲಿಯ ಸರದಿ ಬಿಟ್ಟುಕೊಡುತ್ತಿದ್ದರು.

ಮರಿಹುಳಕ್ಕೆ ಬಿಸಿ ಬೇಕು. ನಮ್ಮ ಕಡೆ ಸಂಕ್ರಾಂತಿಯ ಆಚೀಚೆ ಹಿಡಿಯುವ ಚಳಿ, ಮಂಜು ನಿಮಗೆ ಗೊತ್ತೇ ಇದೆ. ಅದಕ್ಕೆ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಒಳಗೆ ಕುಂಪಟಿ ಇಡುವುದು ಆಗಿನ ರೂಢಿ. ಕುಂಪಟಿಯೆಂದರೆ ಇದ್ದಿಲಿನ ಸಣ್ಣ ಒಲೆ. ಚಿಕ್ಕಮ್ಮನಿಗೆ ಇದರಲ್ಲಿ ಎರಡು ಕಟ್ಟುಪಾಡಿದ್ದವು. ಇದ್ದಿಲನ್ನು ಹೊರಗೆ ಅಂಗಳದಲ್ಲೇ ಹಚ್ಚಬೇಕು, ಹೊಗೆ ಪೂರ್ತಿ ಹೋಗಿ, ಕೆಂಡ ಕೆಂಪಾಗಿ, ಮೇಲೆ ಬೂದಿ ತೆಳ್ಳಗೆ ಹೊದ್ದುಕೊಂಡ ಮೇಲೇ ಒಳಗೆ ತರಬೇಕು. ಎರಡನೆಯದು, ಗೋಡೆಯ ಮೇಲ್ತುದಿಯ ಎರಡು ಗವಾಕ್ಷಿಗಳಲ್ಲಿ ಉತ್ತರದ್ದಕ್ಕೆ ಗೋಣಿ ತುರುಕಿದರೂ ಪೂರ್ವದ್ದು ಯಾವ ಕಾಲಕ್ಕೂ ತೆರೆದೇ ಇರಬೇಕು. ಊಜಿ ನೊಣ ಬಂದು ಹುಳದ ಮೇಲೆ ಕೂರದಂತೆ ಅದಕ್ಕೆ ಹಸಿರು ನೈಲಾನ್ ಬಲೆ ಹೊಡೆದಿತ್ತು, ಅಷ್ಟೇ.

ಆ ಕೋಣೆಯೇ ನಮ್ಮ ನಡುಮನೆ. ಒಂದು ಕಡೆ ಹುಳದ ತಟ್ಟೆಗಳ ಅಟ್ಟಣೆ, ಇನ್ನೊಂದು ಕಡೆ, ಪಡುವಣ ಗೋಡೆಗೆ, ಟೀವಿ. ಚಳಿಗಾಲದಲ್ಲಿ ಮನೆಯಲ್ಲಿ ಅತ್ಯಂತ ಬೆಚ್ಚಗಿನ ಜಾಗ ಹುಳಗಳದ್ದೇ ಆದ್ದರಿಂದ ಧಾರಾವಾಹಿಯನ್ನು ನಾವು ಅವುಗಳ ಅತಿಥಿಗಳಂತೆ ಕೂತು ನೋಡುತ್ತಿದ್ದೆವು.

ಆ ಭಾನುವಾರ ಚಿಕ್ಕಪ್ಪ ಶಿಡ್ಲಘಟ್ಟಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಅಜ್ಜಿ, ಚಿಕ್ಕಮ್ಮ, ಅವರ ಮಗಳು ಪಲ್ಲವಿ, ಆಗ ಏಳು ವರ್ಷ. ಕಾಣದ ಮನುಷ್ಯ ಯಾರೆಂದು ಇವತ್ತು ಗೊತ್ತಾಗುತ್ತದೆ ಎಂದು ವಾರವಿಡೀ ಟೀವಿಯಲ್ಲಿ ಸಾರಿದ್ದರು. ಶೀರ್ಷಿಕೆ ಸಂಗೀತ ಶುರುವಾಗುವ ಹೊತ್ತಿಗೆ ಚಿಕ್ಕಮ್ಮ ಅಂಗಳದಿಂದ ಕುಂಪಟಿ ತಂದು ನಡುವೆ ಇಟ್ಟು, ಬಾಗಿಲು ಮುಚ್ಚಿ, ಅದರ ಬುಡಕ್ಕೆ ಒದ್ದೆ ಗೋಣಿ ಒತ್ತರಿಸಿ, ತಟ್ಟೆಗಳ ಪಕ್ಕ ಕೂತರು.

ಅರ್ಧ ಗಂಟೆಯಾದ ಮೇಲೆ ಅಜ್ಜಿ ಹಣೆ ಒತ್ತಿಕೊಂಡರು. "ಈ ಕಂಪ್ಯೂಟ್ರು ನೋಡಿ ನೋಡಿ ತಲೆ ಸಿಡೀತೈತೆ."

"ನನಗೂ," ಅಂದೆ. ನಿಜಕ್ಕೂ ತಲೆ ಧಿಂ ಎನ್ನುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಕಥೆ ಅಷ್ಟು ಬಿಗಿಯಾಗಿದೆ ಎಂದು ತಿಳಿದೆ. ನನ್ನ ಓದಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಇಂಗಾಲದ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು ಅದರ ಮಧ್ಯೆಯೇ ಕೂತು ಧಾರಾವಾಹಿಯನ್ನು ಹೊಗಳುತ್ತಿದ್ದೆ.

"ಅಮ್ಮ, ನಿದ್ದೆ ಬರ್ತೈತೆ," ಅಂದಳು ಪಲ್ಲವಿ.

"ಮಲಕ್ಕೋ. ಮುಗಿದ್ಮೇಲೆ ಎಬ್ಬಿಸ್ತೀನಿ," ಅಂದರು ಚಿಕ್ಕಮ್ಮ.

ಇಲ್ಲಿಂದ ಮುಂದಿನದು ನನಗೆ ತುಂಡುತುಂಡಾಗಿದೆ. ತೆರೆಯ ಮೇಲೆ ಹುಡುಗ ಕನ್ನಡಿಯ ಮುಂದೆ ನಿಂತಿದ್ದ. ಇಷ್ಟು ದಿನ ಹುಡುಕಿದ ಮನುಷ್ಯ ತಾನೇ, ಎಲ್ಲವನ್ನೂ ಮಾಡಿದವನು ತಾನೇ, ಮಾಡಿದ್ದು ತನಗೇ ಮರೆತಿತ್ತು ಎಂದು ಹೇಳಿದ. ಹೇಳುವಾಗ ನನ್ನನ್ನೇ ನೋಡಿದ. "ಸುಧಾ" ಎಂದು ನನ್ನ ಹೆಸರು ಹಿಡಿದು ಕರೆದಂತಿತ್ತು. ಏಳಬೇಕೆಂದುಕೊಂಡೆ, ಕಾಲು ನನ್ನದಾಗಿರಲಿಲ್ಲ. ಅಜ್ಜಿ ಕಂಬಕ್ಕೆ ಒರಗಿ ಬಾಯಿ ತೆರೆದಿದ್ದರು. ಚಿಕ್ಕಮ್ಮ ಪಲ್ಲವಿಯ ಕಡೆ ತೆವಳುತ್ತಿದ್ದರು, ಅಡ್ಡಲಾಗಿ, ಏಡಿಯಂತೆ. ನನಗೆ ನಗು ಬಂತು. ಈಗಲೂ ಕೆಲವು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಆ ನಗು ನೆನಪಾಗಿ ಬಾಯಿ ಕಹಿಯಾಗುತ್ತದೆ.

ಬಾಗಿಲು ತೆರೆದದ್ದು ಪಕ್ಕದ ಮನೆಯ ರತ್ನಮ್ಮ. ಅವರ ಟೀವಿ ಕೆಟ್ಟಿತ್ತು, ಕೊನೆಯ ಭಾಗವನ್ನಾದರೂ ನೋಡೋಣ ಎಂದು ಬಂದರಂತೆ. "ಏನ್ರೇ, ಅಷ್ಟು ಚೆನ್ನಾಗೈತಾ, ಎಲ್ಲಾರೂ ಮಲಗ್ಬಿಟ್ಟಿದ್ದೀರಾ?" ಅಂದರಂತೆ. ಆಮೇಲೆ ಪಲ್ಲವಿಯ ಮುಖ ನೋಡಿ ಅವಳನ್ನು ಬಾಚಿ ಅಂಗಳಕ್ಕೆ ಓಡಿದರು. ನಾನು ತೆವಳಿ ಹೋಗಿ ಬಾಗಿಲು ತೆಗೆದೆ ಎಂದು ಬಹಳ ವರ್ಷ ಹೇಳಿದ್ದೇನೆ. ರತ್ನಮ್ಮ ಅದನ್ನು ಯಾವತ್ತೂ ಅಲ್ಲಗಳೆಯಲಿಲ್ಲ. "ನೀನು ಗೋಡೆ ಕಡೆ ತಿರುಗಿ ಬಾಗಿಲು ಹುಡುಕ್ತಿದ್ದೆ ಕಣಮ್ಮ," ಎಂದು ಮೊನ್ನೆ ಕೇಳಿದಾಗ ಮೆಲ್ಲಗೆ ಹೇಳಿದರು.

ಪಲ್ಲವಿಯನ್ನು ಹಾಲಿನ ವ್ಯಾನಿನಲ್ಲಿ ಶಿಡ್ಲಘಟ್ಟದ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಚಿಕ್ಕಮ್ಮ ಅವಳ ಪಾದ ಉಜ್ಜುತ್ತಿದ್ದರು, ತಾವೇ ವಾಂತಿ ಮಾಡಿಕೊಳ್ಳುತ್ತ. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದರು. ಮಧ್ಯಾಹ್ನ ಮೂರರ ಹೊತ್ತಿಗೆ ಮಗು ಕಣ್ಣು ಬಿಟ್ಟು "ಮುಗೀತಾ?" ಅಂತು. ಧಾರಾವಾಹಿಯ ಬಗ್ಗೆ ಕೇಳಿದ್ದು.

ಹುಳ ಒಂದೂ ಸಾಯಲಿಲ್ಲ. "ಹುಳಕ್ಕಿಲ್ದಿದ್ ವಿಷ ನಮಗೆ," ಅಂದರು ಅಜ್ಜಿ.

ಮಾರನೆಯ ದಿನ ಅಂಗಳದಲ್ಲಿ ವಿಚಾರಣೆ ಆಯಿತು. ವಿಚಾರಣೆ ಅನ್ನುವ ಮಾತು ದೊಡ್ಡದು. ಅಜ್ಜಿ ಜಗಲಿಯ ಮೇಲೆ, ಚಿಕ್ಕಪ್ಪ ಮೆಟ್ಟಿಲಲ್ಲಿ, ರತ್ನಮ್ಮ ಬೇಲಿಯಾಚೆ, ಚಿಕ್ಕಮ್ಮ ಪಲ್ಲವಿಯನ್ನು ತೊಡೆಯ ಮೇಲೆ ಹಾಕಿಕೊಂಡು ನೆಲದಲ್ಲಿ.

"ಬೆಂಕಿ ಕೆಂಪಾದ್ಮೇಲೇ ತಂದಿದ್ದು ಅತ್ತೆ. ಪೂರ್ವದ್ ಗವಾಕ್ಷಿ ತೆಗ್ದೇ ಇತ್ತು."

ಚಿಕ್ಕಪ್ಪ ಎದ್ದು ಒಳಗೆ ಹೋಗಿ ಕೆಳಗಿನಿಂದಲೇ ಕತ್ತೆತ್ತಿ ನೋಡಿ ಬಂದರು. "ಬಲೆ ಹಂಗೇ ಐತೆ. ತೆಗ್ದೇ ಐತೆ."

"ಮತ್ತೆ ಯಾಕಂಗಾಯ್ತು?" ಅಂದರು ಅಜ್ಜಿ. ಎಲ್ಲರೂ ನನ್ನ ಕಡೆ ತಿರುಗಿದರು. ಮನೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದವಳು ನಾನೊಬ್ಬಳೇ.

ನಾನು ಹೇಳಿದೆ. ಇದ್ದಿಲು ಪೂರ್ತಿ ಉರಿಯದಿದ್ದರೆ ಈ ಅನಿಲ ಹುಟ್ಟುತ್ತದೆ, ರಕ್ತಕ್ಕೆ ಸೇರುತ್ತದೆ, ಹೀಗೆ ಹೀಗೆ. ಎಲ್ಲರೂ ಗಮನವಿಟ್ಟು ಕೇಳಿದರು. ಅಷ್ಟು ಗಮನವಿಟ್ಟು ನನ್ನ ಮಾತನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಅಂದ್ರೆ ಅರೆಬೆಂದ ಇದ್ದಿಲು ಒಳಗ್ ಬಂದೈತೆ ಅಂತಾಯ್ತು. ನೀನು ನೋಡ್ದ್ಯಾ?"

"ಹೊಗೆ ಇತ್ತು ಅನ್ಸುತ್ತೆ ಅಜ್ಜಿ. ಬೂದುಬಣ್ಣದ್ದು, ಸಣ್ಣದಾಗಿ ಮೇಲಕ್ಕೆ ಹೋಗ್ತಿತ್ತು."

'ಅನ್ಸುತ್ತೆ' ಎಂದು ನಾನು ಅಂದದ್ದು ಖಂಡಿತ. ಆದರೆ ಸಂಜೆಯಷ್ಟರಲ್ಲಿ ಆ ಪದ ಎಲ್ಲೋ ಬಿದ್ದುಹೋಗಿತ್ತು. ಮರುದಿನ ಊರಲ್ಲಿ, ಓದಿದ ಹುಡುಗಿ ಕಣ್ಣಾರೆ ನೋಡಿದ್ದಾಳೆ ಎಂದಾಗಿತ್ತು. ವಾರ ಕಳೆಯುವಷ್ಟರಲ್ಲಿ ನನಗೂ ಹಾಗೇ ಆಗಿತ್ತು. ಕಣ್ಣು ಮುಚ್ಚಿದರೆ ಹೊಗೆಯ ಎಳೆ ಕಾಣುತ್ತಿತ್ತು.

ಆ ದಿನ ಅಂಗಳದಲ್ಲಿ ಚಿಕ್ಕಮ್ಮ ನನ್ನನ್ನು ಒಂದು ಸಲ ನೋಡಿದರು. ಅಜ್ಜಿ ಹೇಳಿದರು: "ಧಾರಾವಾಹಿಗೆ ಓಡಿ ಬಂದ್ಯಲ್ಲ ಜಯಾ. ಮಗೂನೇ ತಿನ್ಕೊಂಡ್ಬಿಡ್ತಿತ್ತಲ್ಲ ಅದು."

ಆಮೇಲೆ ಯಾರೂ ಗರಿ ಮುಟ್ಟಲು ಚಿಕ್ಕಮ್ಮನನ್ನು ಕರೆಯಲಿಲ್ಲ. ಬೈಯಲಿಲ್ಲ, ದೂರವಿಡಲಿಲ್ಲ, ಮಾತಾಡಿಸುತ್ತಲೇ ಇದ್ದರು. ಕರೆಯಲಿಲ್ಲ ಅಷ್ಟೇ. ನಮ್ಮ ಮನೆಯಲ್ಲೂ ಚಾಕಿ ಕಟ್ಟುವುದು ನಿಂತಿತು. ಎರಡನೆಯ ಜ್ವರ ದಾಟಿದ ಹುಳಗಳನ್ನು ಚಾಕಿ ಕೇಂದ್ರದಿಂದ ತರಿಸತೊಡಗಿದರು. ಅವನ್ನು ಹಿಂದಿನ ಕೋಣೆಯಲ್ಲಿಟ್ಟರು. ಟೀವಿ ಪಡಸಾಲೆಗೆ ಹೋಯಿತು. ನಡುಮನೆಯ ಪೂರ್ವದ ಗೋಡೆಗೆ ಮುರಿದ ಚಂದ್ರಿಕೆಗಳನ್ನು, ಅಂದರೆ ಹುಳ ಗೂಡು ಕಟ್ಟುವ ಬಿದಿರು ತಟ್ಟಿಗಳನ್ನು, ಸೂರಿನವರೆಗೂ ಒಟ್ಟಿ ಅದನ್ನೊಂದು ಉಗ್ರಾಣ ಮಾಡಿದರು. ಚಿಕ್ಕಮ್ಮ ಸೊಪ್ಪು ಕೊಯ್ದರು, ಕಸ ಹೊಡೆದರು, ಗೂಡು ಬಿಡಿಸಿದರು. ಮನೆಯಲ್ಲಿ ಕೂಲಿಯವರು ಮಾಡುವ ಕೆಲಸಗಳನ್ನೆಲ್ಲ ಮಾಡಿದರು.

ನಾನು ಬಿ.ಎಡ್. ಮುಗಿಸಿ ಗೌರಿಬಿದನೂರಿನಲ್ಲಿ ವಿಜ್ಞಾನದ ಟೀಚರ್ ಆದೆ. ಇದ್ದಿಲಿನ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಆ ದಿನದ ಕಥೆ ಹೇಳುತ್ತೇನೆ, ಹೇಳುತ್ತಿದ್ದೆ. "ನನ್ನ ಚಿಕ್ಕಮ್ಮ ಅವಸರದಲ್ಲಿ ಅರೆಬೆಂದ ಇದ್ದಿಲನ್ನು ಒಳಗೆ ತಂದುಬಿಟ್ಟರು" ಎನ್ನುವಲ್ಲಿ ತರಗತಿ ಉಸಿರು ಬಿಗಿಹಿಡಿಯುತ್ತದೆ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು ಬೋರ್ಡಿಗೆ ತಿರುಗುತ್ತೇನೆ. ಹೇಳಿಹೇಳಿ ಯಾವ ಮಾತಿಗೆ ಎಷ್ಟು ನಿಲ್ಲಬೇಕು ಎಂಬುದೆಲ್ಲ ಕೈವಶವಾಗಿದೆ. ಅಂದಹಾಗೆ ನಾನು ಕಣ್ಣು ಮಿಟುಕಿಸುತ್ತೇನೋ ಇಲ್ಲವೋ, ಯಾರನ್ನೂ ಕೇಳಿಲ್ಲ.

ಈ ಸಲ ಸಂಕ್ರಾಂತಿಗೆ ರಜೆ ಹಾಕಿ ಊರಿಗೆ ಹೋದೆ. ಹುಳಕ್ಕೆಂದೇ ತೋಟದಲ್ಲಿ ಬೇರೆ ಮನೆ ಕಟ್ಟಿಸಿದ್ದರು. ನಡುಮನೆಯನ್ನು ಮತ್ತೆ ನಡುಮನೆ ಮಾಡಬೇಕು, ಸುಣ್ಣ ಬಳಿಸಬೇಕು ಎಂದು ಚಂದ್ರಿಕೆಗಳನ್ನೆಲ್ಲ ಹೊರಗೆಳೆದರು. ನಾನು ಟವೆಲು ಮೂಗಿಗೆ ಕಟ್ಟಿಕೊಂಡು ಉಸ್ತುವಾರಿ ಮಾಡುತ್ತಿದ್ದೆ, ಅಂದರೆ ಏನೂ ಮಾಡುತ್ತಿರಲಿಲ್ಲ. ಚಿಕ್ಕಪ್ಪ ಏಣಿ ಹತ್ತಿ ಪೂರ್ವದ ಗವಾಕ್ಷಿಯ ಹಸಿರು ಬಲೆಯನ್ನು ಕಿತ್ತರು. ಅದರ ಹಿಂದಿನಿಂದ ಏನೋ ಮುದ್ದೆಯಂಥದು ಧೂಳಿನ ಸಮೇತ ಕೆಳಗೆ ಬಿತ್ತು. ಬಿದ್ದ ಕೂಡಲೇ ಅದು ಇದ್ದ ಜಾಗದಿಂದ ಬಿಸಿಲಿನ ಕೋಲೊಂದು ಒಳಗೆ ಬಂದು ಎದುರು ಗೋಡೆಗೆ, ಹಿಂದೆ ಟೀವಿ ಇದ್ದ ಜಾಗಕ್ಕೆ, ಸರಿಯಾಗಿ ತಾಕಿತು.

"ಇದೇನಿದು, ಸ್ವೆಟ್ರು?" ಅಂದರು ಚಿಕ್ಕಪ್ಪ.

ನಾನು ಬಗ್ಗಿ ನಡುವಿನ ಗುಂಡಿ ನೋಡಿದೆ. ಪಲ್ಲವಿ ಬಾಗಿಲಲ್ಲಿ ಕಬ್ಬು ಸಿಗಿಯುತ್ತ ನಿಂತಿದ್ದಳು. ಈಗ ಹದಿಮೂರು.

"ಅಯ್ಯೋ, ಅದು ಇನ್ನೂ ಇಲ್ಲೇ ಐತಾ?" ಅಂದಳು. "ಸುಧಕ್ಕ, ನೀನೇ ಅಲ್ವಾ ತುರುಕಿದ್ದು? ಬಿಸಿಲು ಟೀವಿ ಮೇಲೆ ಬೀಳ್ತಿದೆ, ಕಳ್ಳನ ಮುಖ ಕಾಣಲ್ಲ ಅಂತ ಅಜ್ಜಿ ಗೊಣಗ್ತಿದ್ರು. ನೀನು ಬೆಂಚು ಹತ್ತಿ, ಬಲೆ ಮೂಲೆ ಎತ್ತಿ, ಸ್ವೆಟರು ಬಿಚ್ಚಿ ಒಳಗೆ ತಳ್ಳಿದೆ. ಅಮ್ಮ ಹೊರಗೆ ಇದ್ದಿಲು ಬೀಸ್ತಿದ್ಳು. ನಾನು ಬೆಂಚು ಹಿಡ್ಕೊಂಡಿದ್ದೆ."

"ನೀನು ಯಾಕೆ ಹೇಳ್ಲಿಲ್ಲ?" ಅಂದೆ.

"ಯಾರು ಕೇಳಿದ್ರು? ಮಾಡಿದ್ದು ನೀನೇ, ನಿನಗೆ ಗೊತ್ತಿರಲ್ವಾ ಅನ್ಕೊಂಡೆ." ಕಬ್ಬಿನ ಸಿಪ್ಪೆ ಉಗಿದಳು.

ಆಗ ಬಂತು. ಬೆಂಚು ಅಲ್ಲಾಡಿದ್ದು, ಸ್ವೆಟರು ಬಿಚ್ಚಿದಾಗ ತೋಳಿಗೆ ಚಳಿ ಕಚ್ಚಿದ್ದು, ನೈಲಾನ್ ಬಲೆಯ ಅಂಚು ಬೆರಳಿಗೆ ಗೀರಿದ್ದು, "ಈಗ ಕಾಣ್ತೈತೆ, ಕಾಣ್ತೈತೆ" ಎಂದು ಅಜ್ಜಿ ಅಂದದ್ದು. ಎಲ್ಲವೂ ಒಟ್ಟಿಗೆ. ಇಷ್ಟು ದಿನ ಎಲ್ಲಿದ್ದವು ಇವು? ಇವುಗಳ ಜಾಗದಲ್ಲಿ ಯಾರೋ ಒಬ್ಬ ಹಳದಿ ಸೀರೆಯ ಹೆಂಗಸು ಟೊಮೆಟೊ ಕುಕ್ಕೆ ಇಟ್ಟುಕೊಂಡು ಕೂತಿದ್ದಳಲ್ಲ. ವಿಷ ತಲೆಗೇರಿದ ದಿನದ ನೆನಪು ಅಳಿಸಿಹೋಗುವುದುಂಟು ಎಂದು ಡಾಕ್ಟರು ಆಗಲೇ ಹೇಳಿದ್ದರು. ಅಳಿಸಿದ ಜಾಗದಲ್ಲಿ ನಾವೇ ಏನಾದರೂ ಬರೆದುಕೊಳ್ಳುತ್ತೇವೆ, ಅದೂ ಅಷ್ಟು ಚಂದದ ಅಕ್ಷರದಲ್ಲಿ ಬರೆದುಕೊಳ್ಳುತ್ತೇವೆ ಎಂದು ಯಾರೂ ಹೇಳಿರಲಿಲ್ಲ. ಕೆಂಪು ಕೆಂಡದಿಂದಲೂ ಆ ಅನಿಲ ಏಳುತ್ತದೆ, ಅದು ಹೊರಹೋಗಲು ಇದ್ದ ಒಂದೇ ಕಂಡಿಯನ್ನು ಮುಚ್ಚಿದವಳು ನಾನು. ನಾಲ್ಕು ಜನರನ್ನು ಕೊಲ್ಲುವುದರಲ್ಲಿದ್ದೆ, ಕನ್ನಡಕದ ಕಳ್ಳನ ಮುಖ ಸರಿಯಾಗಿ ಕಾಣಲಿ ಎಂದು. ಆಮೇಲೆ ಸಾಕ್ಷಿಯನ್ನೂ ನಾನೇ ಹೇಳಿದ್ದೆ.

ಅಜ್ಜಿಗೆ ಹೇಳಿದೆ. ಅಜ್ಜಿಗೆ ಈಗ ಕಿವಿ ಮಂದ, ಎರಡು ಸಲ ಹೇಳಬೇಕಾಯಿತು. ಸ್ವೆಟರನ್ನು ಮುಟ್ಟಿ ನೋಡಿದರು. "ನಾನು ಬಿಸಿಲು ಅಂದ್ನಾ?" ಎಂದು ಕೇಳಿದರು.

ಚಿಕ್ಕಮ್ಮ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದರು. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅಳಬಾರದು ಎಂದುಕೊಂಡಿದ್ದೆ, ಆಗಲಿಲ್ಲ. ಅವರು ಬೂದಿ ಮೆತ್ತಿದ ಕೈಯನ್ನು ನಿಲ್ಲಿಸಿ ಕೇಳಿದರು. ಕೋಪ ಬರುತ್ತದೆ, ಹೊಡೆದರೂ ಹೊಡೆಯಲಿ ಎಂದು ಕಾಯುತ್ತಿದ್ದೆ.

"ಇಲ್ಲ ಕಣಮ್ಮ," ಅಂದರು. "ನಾನೇ ಮಾಡಿದ್ದು. ನನಗೆ ನೆನಪೈತೆ."

"ಏನು ನೆನಪೈತೆ ಚಿಕ್ಕಮ್ಮ?"

"ಹೊಗೆ. ಕುಂಪಟಿ ಎತ್ಕೊಂಡಾಗ ಸಣ್ಣಗೆ ಹೊಗೆ ಬರ್ತಿತ್ತು, ಬೂದುಬಣ್ಣದ್ದು. ಸಂಗೀತ ಕೇಳುಸ್ತು. ಇರ್ಲಿ ಬಿಡು ಅಂತ ತಂದ್ಬಿಟ್ಟೆ. ಆರು ವರ್ಷದಿಂದ ಅದೇ ಕಣ್ಣಿಗೆ ಕಟ್ಟೈತೆ. ನೀನು ನನ್ ಮೇಲಿನ ಆಸೆಗೆ ಈಗ ನಿನ್ ತಲೆಗ್ ಹಾಕ್ಕೋಬ್ಯಾಡ."

"ಹೊಗೆ ಇರ್ಲಿಲ್ಲ. ನಾನು ಸುಮ್ಮನೆ ಹೇಳಿದ್ದು."

"ಹಂಗಾದ್ರೆ ನಾನ್ ನೋಡಿದ್ದೇನು?"

ನನಗೆ ಉತ್ತರ ಗೊತ್ತಿತ್ತು. ಅವರು ನೋಡಿದ್ದು ನಾನು ಹೇಳಿದ್ದನ್ನ. ಅದೇ ಬೂದುಬಣ್ಣ, ಅದೇ ಸಣ್ಣ ಎಳೆ, ನನ್ನದೇ ಪದಗಳು. ಅದನ್ನು ಅವರ ಕಣ್ಣೊಳಗೆ ಇಟ್ಟವಳು ನಾನು, ಈಗ ತೆಗೆಯಲು ಕೈ ಹಾಕಿದರೆ ಬರುತ್ತಿಲ್ಲ. ಒಬ್ಬರ ಹೆಸರು ಕೆಡಿಸುವುದು ಒಂದು. ಅವರ ಕಣ್ಣನ್ನೇ ಅವರ ವಿರುದ್ಧ ಸಾಕ್ಷಿಗೆ ನಿಲ್ಲಿಸುವುದಕ್ಕೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ.

ಆ ಧಾರಾವಾಹಿಯವನು ಇಷ್ಟು ದೂರ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಊರ ತುಂಬ ಮಂಜು. ರತ್ನಮ್ಮನಿಗೂ ಹೇಳಿದ್ದೆ, ಬಾವಿಕಟ್ಟೆಯಲ್ಲಿ ಸಿಕ್ಕವರಿಗೂ ಹೇಳಿದ್ದೆ. "ಓದಿದೋಳು ನೀನು, ಅಂಥ ದಡ್ಡ ಕೆಲ್ಸ ಮಾಡ್ತೀಯಾ? ಚಿಕ್ಕಮ್ಮನ್ನ ಕಾಪಾಡಕ್ಕೆ ಹೇಳ್ತೀಯ," ಎಂದು ಒಬ್ಬರು ನನ್ನ ಬೆನ್ನು ಸವರಿದರು. ಹಳೆ ಕಥೆ ಚೆನ್ನಾಗಿ ಕೂತಿತ್ತು, ಅದನ್ನು ಎಬ್ಬಿಸಲು ಯಾರಿಗೂ ಮನಸ್ಸಿರಲಿಲ್ಲ.

ನಾನು ಅಂಗಳಕ್ಕೆ ಬಂದೆ. ಚಂದ್ರಿಕೆಗಳ ಹಿಂದೆ ಸಿಕ್ಕಿದ್ದ ಹಳೇ ಕುಂಪಟಿಯನ್ನು ಚಿಕ್ಕಮ್ಮ ತೊಳೆದಿಟ್ಟಿದ್ದರು. ಅಜ್ಜಿಗೆ ಕಾಲು ಕಾಯಿಸಿಕೊಳ್ಳಲು ಬೇಕಂತೆ, ಜಗಲಿಗೆ. ಆರು ವರ್ಷದ ಮೇಲೆ ಮೊದಲ ಸಲ ಇದ್ದಿಲು ಹಚ್ಚುತ್ತಿದ್ದರು. ಮೊರದಿಂದ ಬೀಸುತ್ತ ಕುಕ್ಕರಗಾಲಲ್ಲಿ ಕೂತಿದ್ದರು, ನಾನು ಪಕ್ಕದಲ್ಲಿ ಕೂತೆ. ಮೊದಲು ದಟ್ಟ ಹೊಗೆ, ಆಮೇಲೆ ತೆಳು, ಆಮೇಲೆ ಇಲ್ಲ. ಕೆಂಡಗಳ ಅಂಚು ಕೆಂಪಾಯಿತು. ಪಕ್ಕದ ಮನೆಯಿಂದ ಯಾವುದೋ ಧಾರಾವಾಹಿಯ ಶೀರ್ಷಿಕೆ ಸಂಗೀತ ಕೇಳಿಸಿತು. ಚಿಕ್ಕಮ್ಮ ತಲೆಯೆತ್ತಲಿಲ್ಲ. ಕೈ ಒಂದೇ ಲಯದಲ್ಲಿ ಬೀಸುತ್ತಿತ್ತು.

ಒಳಗಿನಿಂದ ಅಜ್ಜಿ ಕೂಗಿದರು. "ಆಯ್ತೇನೇ? ಕಾಲು ಮರಗಟ್ಟೋಯ್ತು."

ನಾನು ಬಟ್ಟೆ ಸುತ್ತಿ ಕುಂಪಟಿಯ ಹಿಡಿಗೆ ಕೈ ಹಾಕಿದೆ.

ಚಿಕ್ಕಮ್ಮ ನನ್ನ ಕೈಮೇಲೆ ಫಟ್ ಎಂದು ಹೊಡೆದರು. "ಬಿಡೇ. ಇನ್ನೂ ಆಗಿಲ್ಲ."

"ಕೆಂಪಾಯ್ತಲ್ಲ. ಹೊಗೆ ಎಲ್ಲೈತೆ?"

"ಅಲ್ನೋಡು, ತಳದಾಗೆ ಒಂದು ಕರಿತುಂಡು ಐತೆ. ಅದು ಬೂದಿ ಹೊದ್ಕೋಬೇಕು. ಅಲ್ಲೀಗಂಟ ಅದನ್ನ ಎತ್ತೋ ಮಾತೇ ಇಲ್ಲ. ಯಾರು ಕೂಗಿದ್ರೂ ಅಷ್ಟೇ. ನಾನು ಯಾವತ್ತೂ ಎತ್ತಿಲ್ಲ."

ಹೇಳಿ ಮತ್ತೆ ಬೀಸಲು ಮೊರ ಎತ್ತಿದರು. ಎತ್ತಿದ ಮೊರ ಅಲ್ಲೇ ನಿಂತಿತು. ತಮ್ಮ ಬಾಯಿಂದ ಈಗ ಬಂದ ಮಾತು ತಮ್ಮ ಕಿವಿಗೆ ಬೀಳಲು ಅಷ್ಟು ಹೊತ್ತು ಬೇಕಾಯಿತೇನೋ. ಕೆಂಡವನ್ನು ನೋಡಿದರು, ತಮ್ಮ ಕೈಯನ್ನು ನೋಡಿದರು, ಆಮೇಲೆ ನನ್ನನ್ನು.

"ಯಾವತ್ತೂ ಎತ್ತಿಲ್ಲ," ಎಂದರು ಇನ್ನೊಂದು ಸಲ, ಬೇರೆ ಯಾರೋ ಹೇಳಿದ್ದನ್ನು ಪರೀಕ್ಷಿಸುವವರಂತೆ.